ಸೀಟಕ್ಕ ಹೊಲಿದ ಪಕ್ಕದ ಸೀಟು

ಸೀಟಕ್ಕ ಯಾರ ಮನೆಗೆ ಹೋದರೂ ಮೊದಲು ನೋಡುವುದು ಮನೆಯವರ ಮುಖವನ್ನಲ್ಲ, ಕುರ್ಚಿಯನ್ನು. ಕೂರುವ ಮುಂಚೆ ಅಂಗೈಯಿಂದ ಒಮ್ಮೆ ಒತ್ತುತ್ತಾಳೆ. ಸ್ಪ್ರಿಂಗು ಕುಸಿದಿದ್ದರೆ "ಅಯ್ಯೋ ಪಾಪ" ಎನ್ನುತ್ತಾಳೆ. ಕುರ್ಚಿಗೆ ಹೇಳಿದ್ದೋ ಮನೆಯವರಿಗೆ ಹೇಳಿದ್ದೋ ಗೊತ್ತಾಗುವುದಿಲ್ಲ. ಬ್ಯಾಂಕಿನ ಮ್ಯಾನೇಜರು ಯಾವ ಕಡೆ ವಾಲಿ ಕೂರುತ್ತಾರೆ, ಕ್ಷೌರದಂಗಡಿಯಲ್ಲಿ ಯಾವ ಕುರ್ಚಿಗೆ ಗಿರಾಕಿ ಜಾಸ್ತಿ, ಎಲ್ಲ ಅವಳಿಗೆ ಬಾಯಿಪಾಠ. ಹುಟ್ಟಿದಾಗ ಇಟ್ಟ ಹೆಸರೊಂದು ಇದೆ. ಅದನ್ನು ಈಗ ಅಂಚೆಯವನೊಬ್ಬ ಮಾತ್ರ ಬಳಸುತ್ತಾನೆ.

ಈ ಕೆಲಸ ಅವಳಿಗೆ ತವರಿನಿಂದ ಬಂದದ್ದಲ್ಲ. ಕುಶನ್ ಅಂಗಡಿ ಮಾವನದು. ಮಗ ಅಂಗಡಿ ನೋಡಿಕೊಳ್ಳಲಿ ಎಂದು ಮಾವ ಕಾದರು, ಮಗ ಬಸ್ಸಿನ ಸ್ಟಿಯರಿಂಗ್ ಹಿಡಿದು ಹೊರಟುಬಿಟ್ಟ. ಒಂದು ದಿನ ಮಾವನ ಬೆರಳಿಗೆ ಗಾಯವಾಗಿ ಒಂದು ಸ್ಟೂಲಿನ ಕೆಲಸ ಅರ್ಧಕ್ಕೆ ನಿಂತಿತ್ತು. ಸೊಸೆ ಸದ್ದಿಲ್ಲದೆ ದಬ್ಬಣ ಎತ್ತಿಕೊಂಡು, ಮೇಣ ತಿಕ್ಕಿದ ದಾರ ಪೋಣಿಸಿ ಮುಗಿಸಿಟ್ಟಳು. ಮಾವ ಕನ್ನಡಕ ಏರಿಸಿ ಇಳಿಸಿ ನೋಡಿದರು. "ಇದು ನಾನು ಹೊಲಿದದ್ದೇನೇ?" ಎಂದು ಕೇಳಿದರು. ಅದು ತಮಾಷೆಯಲ್ಲ, ನಿಜವಾಗಿಯೂ ಅನುಮಾನ ಬಂದಿತ್ತು. ಅಲ್ಲಿಂದ ಮಾವ ತೀರಿಕೊಳ್ಳುವವರೆಗೆ ಹದಿನಾಲ್ಕು ವರ್ಷ ಒಂದೇ ಮೇಜಿನ ಆಚೆ ಈಚೆ ಕೂತು ಹೊಲಿದರು. ಊರಿನ ಅರ್ಧ ಬಸ್ಸುಗಳ ಸೀಟು ಅವಳ ಕೈಯದ್ದು. ಗಂಡ ಓಡಿಸುವ ಬಸ್ಸಿನದ್ದೂ ಅವಳದೇ. ಇಪ್ಪತ್ತು ವರ್ಷ ಓಡಿಸಿಯೂ ಅವನಿಗೆ ಬೆನ್ನುನೋವು ಬಂದಿಲ್ಲ. ಅದನ್ನು ಅವಳು ಯಾರ ಮುಂದಾದರೂ ಹೇಳದೆ ಬಿಟ್ಟದ್ದಿಲ್ಲ.

ಕಾರು ಬಂದದ್ದು ಹಲ್ಲಿನ ಡಾಕ್ಟರ ಕಡೆಯಿಂದ. ಡಾಕ್ಟರು ಮರದ ಮಿಲ್ಲೊಂದರ ಹಿಂದೆ ತುಕ್ಕು ಹಿಡಿದು ಬಿದ್ದಿದ್ದ ಅರವತ್ತು ವರ್ಷ ಹಳೆಯ ಸ್ಪೋರ್ಟ್ಸ್ ಕಾರು ಕೊಂಡಿದ್ದರು. ಇಬ್ಬರೇ ಕೂರುವಂಥದ್ದು, ಮೇಲೆ ತೆರೆದದ್ದು, ನೆಲಕ್ಕೆ ಮೂಗು ತಾಗಿಸಿಕೊಂಡಂಥದ್ದು. ಅದರ ತುಕ್ಕು ಬಿಡಿಸಿ, ಎಂಜಿನ್ ಬಿಚ್ಚಿ, ನೀಲಿ ಬಣ್ಣ ಹೊಡೆಸುವಷ್ಟರಲ್ಲಿ ಆರು ವರ್ಷ ಕಳೆಯಿತು. ಕಾರಿನ ಮೈ ನೆಟ್ಟಗಾಗುವ ಹೊತ್ತಿಗೆ ಡಾಕ್ಟರ ಮಂಡಿ ಕೆಟ್ಟಿತ್ತು. ಒಳಗೆ ಇಳಿದರೆ ಏಳಲಾಗದು, ಎದ್ದರೆ ಇಳಿಯಲಾಗದು. ಕೊನೆಗೆ ಮನಸ್ಸು ಗಟ್ಟಿ ಮಾಡಿಕೊಂಡು, ಇಂಥ ಕಾರು ಸಂಗ್ರಹಿಸುವವರಿಗೇ ಮಾರಿಬಿಡೋಣ ಎಂದು ತೀರ್ಮಾನಿಸಿದರು.

ಕಾರಿನಲ್ಲಿ ಚಾಲಕನ ಸೀಟು ಇತ್ತು. ಪಕ್ಕದ ಸೀಟು ಇರಲಿಲ್ಲ. ಮೂಟೆ ಇಡಲು ಜಾಗ ಬೇಕೆಂದು ಮಿಲ್ಲಿನವನು ಯಾವ ಕಾಲದಲ್ಲೋ ಕಿತ್ತೆಸೆದಿದ್ದ. "ಎರಡನ್ನೂ ಹೊಸದಾಗಿ ಮಾಡಿಬಿಡಿ" ಎಂದು ಡಾಕ್ಟರು ಹೇಳಿದ್ದಕ್ಕೆ ಸೀಟಕ್ಕ ಕಿವಿ ಮುಚ್ಚಿಕೊಂಡಳು. "ಚೆನ್ನಾಗಿರೋದನ್ನ ಯಾಕೆ ಬಿಚ್ಚಬೇಕು ಡಾಕ್ಟ್ರೇ? ಗಟ್ಟಿಯಾಗಿರೋ ಹಲ್ಲನ್ನ ನೀವು ಕೀಳ್ತೀರಾ?"

ಹಳೆಯ ಸೀಟನ್ನು ಅಂಗಡಿಗೆ ತಂದು, ಅಡಿಯ ನಾಲ್ಕು ಮೊಳೆ ಮಾತ್ರ ತೆಗೆದು, ಟಾರ್ಚು ಬಿಟ್ಟು ಒಳಗೆ ನೋಡಿದಳು. ಮೂರು ದಿನ ನೋಡಿದಳು. ಅರವತ್ತು ವರ್ಷದ ಹಿಂದೆ ಯಾವುದೋ ಕಾರ್ಖಾನೆಯಲ್ಲಿ ಕೂತು ಹೊಲಿದವರ ಕೈ ನಿಧಾನಕ್ಕೆ ಪರಿಚಯವಾಯಿತು. ಹೆಂಗಸೇ ಇರಬೇಕು ಎಂದು ಸೀಟಕ್ಕ ತಾನೇ ನಿರ್ಧರಿಸಿಬಿಟ್ಟಳು. ಆಯಮ್ಮ ಮೂಲೆ ತಿರುಗಿಸುವಲ್ಲಿ ಒಂದು ಹೊಲಿಗೆ ಹಿಂದೆ ಬಂದು ಮುಂದೆ ಹೋಗುತ್ತಾಳೆ. ಒಂದು ಕಡೆ ಸೂಜಿ ತಪ್ಪಿ ತೂತಾಗಿದೆ, ಅದನ್ನು ಮಡಿಕೆಯ ಒಳಗೆ ಜಾಣತನದಿಂದ ಅಡಗಿಸಿದ್ದಾಳೆ. ಕೊನೆಯ ಸಾಲಿಗೆ ಬರುವಾಗ ಹೊಲಿಗೆ ಕೂದಲೆಳೆಯಷ್ಟು ಉದ್ದವಾಗಿದೆ. "ನೋಡಿ ಅತ್ತೆ, ಇಲ್ಲಿಗೆ ಬರೋ ಹೊತ್ತಿಗೆ ಆಯಮ್ಮಂಗೆ ಸುಸ್ತಾಗಿತ್ತು" ಎಂದಳು. ಅತ್ತೆ ಪತ್ರಿಕೆಯ ಶ್ರದ್ಧಾಂಜಲಿ ಪುಟದಿಂದ ತಲೆಯೆತ್ತದೆ "ಮನೇಲಿ ಅಡುಗೆ ಬೇರೆ ಕಾದಿರುತ್ತೆ, ಪಾಪ" ಎಂದರು.

ಪಕ್ಕದ ಸೀಟಿಗೆ ಹೊಸ ಚರ್ಮ ಹಾಕಿದರೆ ಹಳೆಯದರ ಪಕ್ಕದಲ್ಲಿ ಕಣ್ಣಿಗೆ ಹೊಡೆಯುತ್ತದೆ. ವಕೀಲರೊಬ್ಬರು ತಮ್ಮ ಅಜ್ಜನ ಕಾಲದ ಸೋಫಾ ಎಸೆಯುವುದರಲ್ಲಿದ್ದರು. ಅದರ ಬೆನ್ನಿನ ಕಂದು ಚರ್ಮ ಬಿಸಿಲು ಕಾಣದೆ ಗಟ್ಟಿಯಾಗಿತ್ತು. ಬಿಡಿಸಿ ತಂದು, ಎಣ್ಣೆ ಕುಡಿಸಿ, ಆಯಮ್ಮನ ಅಳತೆ, ಆಯಮ್ಮನ ಮೂಲೆ, ಆಯಮ್ಮನ ಸುಸ್ತು ಎಲ್ಲವನ್ನೂ ಅದರಲ್ಲಿ ಹೊಲಿದಳು. ಸೀಟು ಸಿದ್ಧವಾಯಿತು. ಆದರೆ ಯಾರೂ ಕೂರದ ಸೀಟು ನೋಡಿದೊಡನೆ ತಿಳಿಯುತ್ತದೆ. ಅದಕ್ಕೊಂದು ಮರದ ಚೌಕಟ್ಟು ಹೊಡೆದು ಅಂಗಡಿ ಬಾಗಿಲ ಬಳಿ ಇಟ್ಟಳು. ಬಂದು ಹೋಗುವ ಗಿರಾಕಿಗಳು ಕೂರಲಿ ಎಂಬುದು ಅವಳ ಲೆಕ್ಕ. ಗಿರಾಕಿಗಳಿಗೆ ಅವಕಾಶವೇ ಸಿಗಲಿಲ್ಲ. ಮೊದಲ ದಿನವೇ ಅತ್ತೆ ಬಂದು ಕೂತರು, ಎಂಟು ತಿಂಗಳು ಏಳಲಿಲ್ಲ.

ಊಟಕ್ಕೆ ಎದ್ದರು, ನಿದ್ದೆಗೆ ಎದ್ದರು, ಮಿಕ್ಕಂತೆ ಅಲ್ಲೇ. ಅತ್ತೆಗೆ ಒಂದು ಕಿವಿ ಮಂದ. ಇನ್ನೊಂದು ಕಿವಿ ಬೀದಿಯ ಕಡೆ ಬರುವ ಹಾಗೆ ವಾಲಿ ಕೂತು, ಬೀದಿಯಲ್ಲಿ ಯಾರು ಯಾರಿಗೆ ಏನೆಂದರು ಎಂದು ಒಂದು ಅಕ್ಷರ ಬಿಡದೆ ಕೇಳಿಸಿಕೊಂಡರು. ಸೀಟು ಕಾರಿಗೆ ಹೋಗುವ ದಿನ "ಇಷ್ಟು ಒಳ್ಳೆ ಕುರ್ಚೀನ ಯಾರಿಗೋ ಕೊಡ್ತೀಯಲ್ಲೇ" ಎಂದು ಮುಖ ಊದಿಸಿಕೊಂಡರು.

ಹರಾಜು ನಡೆಸುವ ಮಾರಾಟ ಸಂಸ್ಥೆಯವರು ಕಾರನ್ನು ನೋಡಲು ಒಬ್ಬ ಪರೀಕ್ಷಕರನ್ನು ಕಳಿಸಿದರು. ಅವರು ಒಪ್ಪಿ ಬರೆದದ್ದು ಮಾರಾಟದ ಪುಸ್ತಕದಲ್ಲಿ ಅಚ್ಚಾಗುತ್ತದೆ, ಕೊಳ್ಳುವವರು ಅದನ್ನೇ ನಂಬುತ್ತಾರೆ. ಬಿಳಿ ಕೈಗವಸು ತೊಟ್ಟು, ಉದ್ದ ಹಿಡಿಯ ಪುಟ್ಟ ಕನ್ನಡಿಯನ್ನು ಕಾರಿನ ಸಂದುಗೊಂದುಗಳಿಗೆ ತೂರಿಸಿ ನೋಡುತ್ತಿದ್ದರು. "ಅದು ನಮ್ಮ ಕಸುಬಿನ ಕನ್ನಡಿ" ಎಂದು ಡಾಕ್ಟರು ಹಿಗ್ಗಿದರು. ಕಾರಿನ ಮೇಲುಹೊದಿಕೆಗೆ ಕೊನೆಯ ಗುಂಡಿ ಕೂರಿಸಲು ಬಂದಿದ್ದ ಸೀಟಕ್ಕ ಗ್ಯಾರೇಜಿನ ಮೂಲೆಯಲ್ಲಿದ್ದಳು.

ಪರೀಕ್ಷಕರು ಸೀಟುಗಳ ಬಳಿ ಬಹಳ ಹೊತ್ತು ನಿಂತರು. ಕೊನೆಗೆ ಅವರ ದನಿಯೇ ಬದಲಾಯಿತು.

"ಡಾಕ್ಟ್ರೇ, ಎರಡೂ ಕಾರ್ಖಾನೆ ಸೀಟು! ಈ ಮೂಲೆ ಹೊಲಿಗೆ ನೋಡಿ, ಆ ಕಾಲದ್ದೇ ಕೈ. ಇನ್ನು ಈ ಪಕ್ಕದ ಸೀಟು… ಚಾಲಕನ ಕಡೆಗೆ ಹೇಗೆ ತಗ್ಗಿದೆ ನೋಡಿದ್ರಾ? ಯಾರೋ ಹುಡುಗಿ ವರ್ಷಾನುಗಟ್ಟಲೆ ಅವನ ಹೆಗಲಿಗೆ ಒರಗಿಕೊಂಡು ಓಡಾಡಿದಾಳೆ. ಇದನ್ನ ಯಾರೂ ನಕಲು ಮಾಡಕ್ಕಾಗಲ್ಲ. ಪುಸ್ತಕದಲ್ಲಿ ಇದನ್ನೇ ಮೊದಲು ಹಾಕ್ತೀನಿ."

ಡಾಕ್ಟರು ಸುಳ್ಳು ಹೇಳುವ ಮನುಷ್ಯರಲ್ಲ. ಆದರೆ ಸುಮ್ಮನಿದ್ದರೆ ಸುಳ್ಳಾಗುವುದಿಲ್ಲ ಎಂದು ಆ ಕ್ಷಣ ಅವರಿಗೆ ಅನಿಸಿರಬೇಕು. ಪರೀಕ್ಷಕರ ಬೆನ್ನ ಹಿಂದಿನಿಂದ ಸೀಟಕ್ಕನನ್ನು ಕಣ್ಣಲ್ಲೇ ಬೇಡಿಕೊಂಡರು. ಆಮೇಲೆ ಬಾಗಿಲ ತನಕ ಬಂದು, "ನಿಮ್ಮ ಕೆಲಸಕ್ಕೆ ಇದಕ್ಕಿಂತ ದೊಡ್ಡ ಹೊಗಳಿಕೆ ಬೇಕಾ, ಸೀಟಕ್ಕ? ಆರು ವರ್ಷ ಮೈ ಹಿಂಡಿದೀನಿ. ಒಂದು ಮಾತು ನುಂಗ್ಕೊಳ್ಳಿ" ಎಂದರು.

ಸೀಟಕ್ಕನಿಗೆ ಮೊದಲು ಕುಣಿದಾಡುವಷ್ಟು ಖುಷಿಯಾಯಿತು. ಅಂಗಡಿ ತಲುಪುವ ಹೊತ್ತಿಗೆ ಆ ಖುಷಿಯಲ್ಲಿ ಕಲ್ಲು ಸಿಕ್ಕಿತು. ಜೀವಮಾನದಲ್ಲೇ ತಾನು ಮಾಡಿದ ಅತಿ ಒಳ್ಳೆಯ ಕೆಲಸ ನಾಳೆ ಅಚ್ಚಾಗುತ್ತದೆ, ಅದರಲ್ಲಿ ತಾನೇ ಇರುವುದಿಲ್ಲ. ಬಾಯಿ ಬಿಟ್ಟರೋ, ಡಾಕ್ಟರು ಕೈತಪ್ಪುತ್ತಾರೆ. ದೊಡ್ಡ ಕೆಲಸಗಳೆಲ್ಲ ಬರುತ್ತಿದ್ದುದು ಅವರ ಪರಿಚಯದಿಂದಲೇ. ಗಂಡನನ್ನು ಕೇಳಿದಳು. ಅವನು "ನಿನಗೆ ತೋಚಿದ್ದು ಮಾಡು" ಎಂದ, ಇಪ್ಪತ್ತು ವರ್ಷದಿಂದ ಅವನದು ಅದೇ ಉತ್ತರ. ಅತ್ತೆಗೆ ಹೇಳಿದಳು. ಅತ್ತೆಗೆ ಉಳಿದದ್ದೇನೂ ತಲೆಗೆ ಹೋಗಲಿಲ್ಲ, ಹುಡುಗಿಯ ವಿಷಯ ಮಾತ್ರ ಹೋಯಿತು.

"ಯಾವ ಹುಡುಗೀನೇ ಅದು? ಎಂಟು ತಿಂಗಳು ಕೂತವಳು ನಾನು!"

ಮಾರನೆಯ ಬೆಳಿಗ್ಗೆ ಪರೀಕ್ಷಕರು ಫೋಟೋ ತೆಗೆಸುತ್ತಿದ್ದಾಗ ಸೀಟಕ್ಕ ಅತ್ತೆಯನ್ನು ಕೈಹಿಡಿದು ಕರೆತಂದಳು. ಡಾಕ್ಟರ ಮುಖದ ಬಣ್ಣ ಇಳಿಯಿತು.

"ಸಾರ್, ಪಕ್ಕದ ಸೀಟು ನಾನು ಹೊಲಿದದ್ದು" ಎಂದಳು. ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಬೇರೆ ಮಾತೆಲ್ಲ ಮರೆತೇಹೋಗಿತ್ತು.

ಪರೀಕ್ಷಕರು ಮಕ್ಕಳ ಮಾತು ಕೇಳಿದವರ ಹಾಗೆ ನಕ್ಕರು. "ರಿಪೇರಿ ಮಾಡಿದೀರಿ ಅಂತ ಕಾಣುತ್ತೆ. ಹೊಲಿದದ್ದಲ್ಲ. ನಾನು ಮೂವತ್ತು ವರ್ಷದಿಂದ ಇದನ್ನೇ ನೋಡ್ತಿದೀನಮ್ಮ. ಆ ತಗ್ಗು ಎಲ್ಲಿಂದ ಬಂತು, ಹೇಳಿ?"

"ಅತ್ತೆ, ಕೂತ್ಕೊಳ್ಳಿ."

ಅತ್ತೆಯನ್ನು ಅಷ್ಟು ತಗ್ಗಿನ ಕಾರಿಗೆ ಇಳಿಸಲು ಮೂವರು ಬೇಕಾಯಿತು. ಇಳಿದವರು ಒಮ್ಮೆ ಆ ಕಡೆ ಈ ಕಡೆ ಸರಿದು, ಕೇಳಿಸುವ ಕಿವಿಯನ್ನು ಚಾಲಕನ ಕಡೆಗೆ ಹೊರಳಿಸಿ, ವಾಲಿ, ಒಂದು ಉಸಿರು ಬಿಟ್ಟು ನೆಲೆಯಾದರು. ಸೀಟು ಅವರನ್ನು ಒಂದು ಬೆರಳಿನ ಸಂದೂ ಬಿಡದೆ ತೆಗೆದುಕೊಂಡಿತು. ಪರೀಕ್ಷಕರು ಬಗ್ಗಿ ನೋಡಿದರು. ಕನ್ನಡಿ ತೂರಿಸಿ ನೋಡಿದರು.

"ಏನಪ್ಪಾ ನೋಡ್ತೀಯ," ಎಂದರು ಅತ್ತೆ, "ನಾನೇ ಆ ಹುಡುಗಿ."

ಮೊದಲು ನಕ್ಕದ್ದು ಫೋಟೋದವನು. ಪರೀಕ್ಷಕರು ನಗಲಿಲ್ಲ. ಕೈಗವಸು ಕಳಚಿ, ಬರಿಗೈಯಿಂದ ಎರಡೂ ಸೀಟಿನ ಮೂಲೆಗಳನ್ನು ಸವರುತ್ತ ಕೂತರು. ಹಳೆಯ ಚರ್ಮ ಎಲ್ಲಿಯದು, ಒಳಗೇನು ತುಂಬಿದ್ದು ಎಂದು ಕೇಳಿದರು, ಸೀಟಕ್ಕ ಒಂದೊಂದಕ್ಕೂ ಉತ್ತರ ಕೊಟ್ಟಳು. ಕಡೆಗೆ ಅವರು, "ಸುಮ್ಮನಿದ್ದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ. ಇದರಿಂದ ಕಾರಿನ ಬೆಲೆ ಇಳಿಯುತ್ತೆ, ಗೊತ್ತಲ್ಲ?" ಎಂದರು.

"ಗೊತ್ತು ಸಾರ್. ಆದ್ರೆ ಅದು ಆಯಮ್ಮಂದು, ಇದು ನಂದು. ಇದರಲ್ಲಿ ಏನಾದ್ರೂ ಕಿತ್ತುಬಂದ್ರೆ ಜನ ಅವಳನ್ನ ಬೈತಾರೆ. ಚೆನ್ನಾಗಿದೆ ಅಂದ್ರೆ ನನಗೆ ಸೇರಲ್ಲ. ಇಬ್ಬರಿಗೂ ಅನ್ಯಾಯ."

ಆಯಮ್ಮ ಯಾರೆಂದು ಪರೀಕ್ಷಕರು ಕೇಳಿದರು. ಸೀಟಕ್ಕ ಅವರ ಕೈಯಿಂದ ಕನ್ನಡಿ ಈಸಿಕೊಂಡು, ಹಳೆಯ ಸೀಟಿನ ಮಡಿಕೆಯೊಳಗೆ ಅಡಗಿದ್ದ ಸೂಜಿತೂತು ತೋರಿಸಿದಳು. ಮೂವತ್ತು ವರ್ಷದಲ್ಲಿ ಅವರು ಅಂಥದ್ದನ್ನು ನೋಡಿರಲಿಲ್ಲ.

ಆಮೇಲೆ ಒಂದು ತಿಂಗಳು ಡಾಕ್ಟರು ಸೀಟಕ್ಕನ ಜೊತೆ ಮಾತಾಡಲಿಲ್ಲ. ಅವಳೂ ಮೇಲೆ ಬಿದ್ದು ಮಾತಾಡಿಸಲು ಹೋಗಲಿಲ್ಲ. ಮಾಡಿದ್ದು ಸರಿ ಎಂದು ಗೊತ್ತಿದ್ದರೂ, ಅವರ ಕ್ಲಿನಿಕ್ಕಿನ ಮುಂದೆ ಹಾದುಹೋಗುವಾಗ ರಸ್ತೆಯ ಆಚೆ ಬದಿಗೆ ದಾಟಿಕೊಳ್ಳುತ್ತಿದ್ದಳು. ಮಾರಾಟದ ದಿನ ಮಾತ್ರ ಅತ್ತೆಯನ್ನೂ ಗಂಡನನ್ನೂ ಹೊರಡಿಸಿಕೊಂಡು ಹೋಗಿ ದೊಡ್ಡ ಸಭಾಂಗಣದ ಹಿಂದಿನ ಸಾಲಿನಲ್ಲಿ ಕೂತಳು. ಕುರ್ಚಿಗಳು ಅಷ್ಟಕ್ಕಷ್ಟೆ.

ನೀಲಿ ಕಾರು ವೇದಿಕೆಗೆ ಬಂತು. ದೀಪದ ಕೆಳಗೆ ಅದು ಎಷ್ಟು ಚೆಂದ ಕಂಡಿತೆಂದರೆ, ಜನರ ಮಾತು ತಾನಾಗಿ ನಿಂತಿತು. ಹರಾಜು ಕೂಗುವವರು ಪುಸ್ತಕ ತೆರೆದು ಓದಿದರು. ಎಂಜಿನ್ ಬಗ್ಗೆ ಓದಿದರು, ಬಣ್ಣದ ಬಗ್ಗೆ ಓದಿದರು. ಆಮೇಲೆ ಓದಿದರು: "ಚಾಲಕರ ಸೀಟು ಕಾರ್ಖಾನೆಯದು. ಹೊಲಿದವರು ನುರಿತ ಕೈಯವರು, ಹೆಸರು ತಿಳಿದಿಲ್ಲ. ಪಕ್ಕದ ಸೀಟು ಹೊಸದಾಗಿ ಹೊಲಿದದ್ದು. ಹೊಲಿದವರು ಸೀಟಕ್ಕ."

ಸೀಟಕ್ಕ ತನ್ನ ಹೆಸರಿಗೆ ಕಾದು ಕೂತಿದ್ದಳು. ಆದರೆ ಕಣ್ಣು ತುಂಬಿದ್ದು ಅದಕ್ಕೆ ಮುಂಚಿನ ಆಯಮ್ಮನ ಸಾಲಿಗೆ. ಅವಳ ಹೆಸರು ಬರುವ ಹೊತ್ತಿಗೆ ಅವಳು ಅಳುತ್ತಿದ್ದಳು, ಕೇಳಿಸಿಕೊಂಡದ್ದು ಅರ್ಧಂಬರ್ಧ. ಗಂಡ, ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಬೇರೆ ಉತ್ತರ ಕೊಟ್ಟ. "ಒಳ್ಳೇದು ಮಾಡಿದೆ" ಎಂದ.

ಬೆಲೆ ಡಾಕ್ಟರು ಅಂದುಕೊಂಡದ್ದಕ್ಕಿಂತ ಕಡಿಮೆಯೇ ಬಂತು. ಹೊರಗೆ ಹೋಗುವಾಗ ಸೀಟಕ್ಕ ಅವರ ಕಣ್ಣು ತಪ್ಪಿಸಿ ಗೋಡೆ ಬದಿಯಲ್ಲಿ ನಡೆದಳು. ಡಾಕ್ಟರು ಕಾರಿನ ಪಕ್ಕ ನಿಂತಿದ್ದರು. ಸುತ್ತ ಏಳೆಂಟು ಜನ ಸಂಗ್ರಹಕಾರರು ಬಗ್ಗಿ ಬಗ್ಗಿ ನೋಡುತ್ತಿದ್ದರು. ಡಾಕ್ಟರು ಎದೆ ಉಬ್ಬಿಸಿಕೊಂಡು ದೊಡ್ಡ ದನಿಯಲ್ಲಿ ಹೇಳುತ್ತಿದ್ದರು:

"ಪುಸ್ತಕ ಮುಚ್ಚಿಟ್ಟು ಹೇಳಿ ನೋಡೋಣ, ಎರಡರಲ್ಲಿ ನಮ್ಮ ಸೀಟಕ್ಕ ಹೊಲಿದದ್ದು ಯಾವುದು?"

ಅವರಲ್ಲಿ ಮೂವರು ಚಾಲಕನ ಸೀಟನ್ನು ತೋರಿಸಿದರು.