ಎಲೆಸಂಚಿಯ ಗುಳಿಗೆ

ಶಲವಡಿಯ ಎರೆಹೊಲಗಳ ಮೇಲಿನ ಮಂಜು ಇನ್ನೂ ಎದ್ದಿಲ್ಲ. ಊರು ಅರ್ಧ ನಿದ್ದೆಯಲ್ಲಿದೆ, ಅರ್ಧ ಒಲೆಯ ಹೊಗೆಯಲ್ಲಿದೆ. ಆ ಹೊಗೆಯೊಳಗಿಂದ ಗುಲಾಬಿ ಬಣ್ಣದ ಸೀರೆಯೊಂದು ತೇಲಿಬಂದಂತೆ ಬಂದು ರೇವವ್ವನ ಕಟ್ಟೆಯ ಮೇಲೆ ಕೂಡುತ್ತದೆ. ಆಶಾ ಕಾರ್ಯಕರ್ತೆ ಮೈಮುನಬಿ ಮುದುಕಿಯ ಮಣಿಕಟ್ಟು ಹಿಡಿದು ಕಣ್ಣು ಮುಚ್ಚುತ್ತಾಳೆ. ನಾಡಿ ಓಡುತ್ತದೆ, ಎಡವುತ್ತದೆ, ಮತ್ತೆ ಓಡುತ್ತದೆ. ಗುಳಿಗೆ ನಿನ್ನೆಯೂ ಹೊಟ್ಟೆಗೆ ಹೋಗಿಲ್ಲ ಎಂಬುದು ಬೆರಳಿಗೇ ತಿಳಿಯುತ್ತದೆ.

‘ಇವತ್ತರ ನುಂಗಬೇ ಯವ್ವಾ’ ಅನ್ನುತ್ತಾಳೆ. ರೇವವ್ವ ಮಂಜಿನ ಕಡೆ ಮುಖ ತಿರುವಿ ಕೂಡುತ್ತಾಳೆ.

ಮೈಮುನಬಿ ಈ ಊರಿಗೆ ಸೊಸೆಯಾಗಿ ಬಂದವಳು. ಗಂಡ ಟ್ರ್ಯಾಕ್ಟರಿನಿಂದ ಬಿದ್ದು ಕಾಲು ಮುರಿದುಕೊಂಡಾಗ ಮೆಣಸಿನಕಾಯಿ ಬಿಡಿಸಲು ಕೂಲಿಗೆ ಹೋದಳು. ಹತ್ತನೆಯ ಇಯತ್ತೆ ಓದಿದ್ದು ಕೈಹಿಡಿದು ಆಶಾ ಆದಳು. ಬಸುರಿ, ಬಾಣಂತಿ, ಕೂಸುಗಳ ಲಸಿಕೆ, ಮುದುಕರ ಬಿಪಿ ಎಂದು ದಿನಕ್ಕೆ ಇಪ್ಪತ್ತಕ್ಕೂ ಹೆಚ್ಚು ಮನೆ ತಿರುಗುತ್ತಾಳೆ. ಮಳೆಗಾಲದಲ್ಲಿ ಚಪ್ಪಲಿಗಳನ್ನು ಎರೆಮಣ್ಣೇ ನುಂಗಿಬಿಡುತ್ತದೆ. ಆಗ ಬರಿಗಾಲೇ ಗತಿ. ಕಾಲಿನ ಬಿರುಕು ತೋರಿಸಿ ತಾನೇ ನಗುತ್ತಾಳೆ.

ಈ ಭಾಗದ ಹಿರಿಯ ಹೆಂಗಸರ ಸೊಂಟದಲ್ಲಿ ಎಲೆಸಂಚಿ ಇರುತ್ತದೆ. ಎಲೆ, ಅಡಿಕೆ, ಸುಣ್ಣದ ಡಬ್ಬಿಯ ಜೊತೆಗೆ ವಯಸ್ಸಾದಂತೆ ಗುಳಿಗೆಯೂ ಬಂದು ಅದರಲ್ಲೊಂದು ಖಾನೆ ಹಿಡಿಯುತ್ತದೆ. ಸಂಚಿಗೆ ಒಂದು ರೀತಿ ಇದೆ. ಬಿಚ್ಚಿದವಳು ಬಾಜೂದವಳಿಗೆ ಕೊಡದೆ ತಾನೊಬ್ಬಳೇ ಬಾಯಿಗೆ ಹಾಕಿಕೊಳ್ಳುವಂತಿಲ್ಲ. ಹಾಕಿಕೊಂಡರೆ ಓಣಿ ಸುಮ್ಮನೆ ಬಿಟ್ಟೀತೇ? ಎಲೆಗೆ ಇದ್ದ ರೀತಿಯೇ ಗುಳಿಗೆಗೂ ಬಂತು.

ರೇವವ್ವ ಮತ್ತು ಪಕ್ಕದ ಮನೆಯ ದುಂಡವ್ವ ಇಬ್ಬರದೂ ಯರಗುಪ್ಪಿ ತವರು. ಗೋಡೆ ಒಂದೇ, ನಗೆ ಒಂದೇ, ಮುಪ್ಪಿನಲ್ಲಿ ಬಂದ ಎದೆಬಡಿತದ ಕಾಯಿಲೆಯೂ ಒಂದೇ. ಡಾಕ್ಟರು ಮಾತ್ರ ಬೇರೆ ಬೇರೆ. ಹುಬ್ಬಳ್ಳಿಯವರು ದುಂಡವ್ವನಿಗೆ ಮೆಟೊಪ್ರೊಲೋಲ್ ಬರೆದಿದ್ದರೆ, ಧಾರವಾಡದವರು ರೇವವ್ವನಿಗೆ ವೆರಪಮಿಲ್ ಬರೆದಿದ್ದರು. ಇಬ್ಬರ ಬಾಯಲ್ಲೂ ಅದು ‘ಎದಿ ಗುಳಿಗಿ’, ಅಷ್ಟೇ.

ಹೋದ ಸುಗ್ಗಿಯಲ್ಲೊಂದು ಬೆಳಿಗ್ಗೆ, ತನ್ನ ಗುಳಿಗೆ ನುಂಗಿದ ಮೇಲೂ ಎದೆ ಹಾರುತ್ತದೆ ಎಂದು ದುಂಡವ್ವ ಕಟ್ಟೆಗೆ ಬಂದು ಕೂತಳು. ರೇವವ್ವ ಸಂಚಿ ಬಿಚ್ಚಿದಳು. ಎಲೆ ಕೊಟ್ಟಳು, ಅಡಿಕೆ ಕೊಟ್ಟಳು, ತನ್ನದೊಂದು ಗುಳಿಗೆಯನ್ನೂ ಕೊಟ್ಟಳು. ಮರುದಿನವೂ ಕೊಟ್ಟಳು. ಅಂದೇ ಮಧ್ಯಾಹ್ನ ದುಂಡವ್ವ ಕಡಲೆ ಹೊಲದ ಬದುವಿನಲ್ಲಿ ಕುಸಿದಳು. ಎರಡೂ ಗುಳಿಗೆ ಎದೆಯ ಓಟಕ್ಕೆ ಲಗಾಮು ಹಾಕುವಂಥವು. ಕೂಡಿದರೆ ಎದೆಯನ್ನೇ ನಿಲ್ಲಿಸಬಲ್ಲವು.

‘ನಾಡಿ ಹಿಡದೆ ನೋಡ್ರಿ, ಒಂದ ಬಡೀತು, ಮುಂದಿಂದಕ್ಕ ಕಾಯಬೇಕು’ ಎಂದು ಮೈಮುನಬಿ ನೆನೆಯುತ್ತಾಳೆ. ‘ಅಷ್ಟ ಹೊತ್ತಿನಾಗ ಇಡೀ ಹೊಲ ಕನಸಿನಾಗ ನಿಂತಂಗ ನಿಂತಿತ್ರಿ. ಯಾಕ ಹಿಂಗಾತು ಅನ್ನೂದು ನನಗೂ ಗೊತ್ತಿರ್ಲಿಲ್ಲ. ಆಮ್ಯಾಲ ಡಾಕ್ಟರ ಹೇಳಿದ್ರು.’

ಅಂಬುಲೆನ್ಸ್ ಬಂತು, ದುಂಡವ್ವ ಉಳಿದಳು. ಮೈಮುನಬಿ ಮನೆಮನೆಗೆ ಹೋಗಿ ಸಂಚಿ ಬಿಚ್ಚಿಸಿದಳು. ಗುಳಿಗೆಗೆ ಗುಳಿಗೆ ಕೂಡುವುದಿಲ್ಲ ಎಂದು ಹೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ ಆಕೆಗೊಂದು ಮಾತು ಹೊಳೆಯಿತು: ‘ಡಾಕ್ಟರ ನಿನ್ನ ಹೆಸರಿಗೆ ಬರೆದ ಗುಳಿಗಿ ನಿನ್ನ ಎಂಜಲ. ಎಂಜಲ ಯಾರಿಗರ ಕೊಡ್ತಾರೇನು?’ ಊರಿಗೆ ಊರೇ ಥಟ್ಟನೆ ತಿಳಿದುಕೊಂಡಿತು.

ತಿಳಿಯದವಳು ರೇವವ್ವ ಒಬ್ಬಳೇ. ದುಂಡವ್ವನ ಎಂಜಲು ಉಂಡೇ ದೊಡ್ಡವಳಾದವಳಿಗೆ ಎಂಜಲಿನ ಮಾತು ತಾಗೀತೇ? ಗೆಳತಿಗೆ ವಿಷ ಕೊಟ್ಟ ಕೈ ಇದು ಎಂದು ಸಂಚಿಯನ್ನು ಗೂಟಕ್ಕೆ ತೂಗುಹಾಕಿಬಿಟ್ಟಳು. ಎಲೆಯೂ ಬೇಡ, ಗುಳಿಗೆಯೂ ಬೇಡ. ದುಂಡವ್ವ ಗೋಡೆಯಾಚೆಯಿಂದ ಕರೆದರೂ ಓಗೊಡುವುದಿಲ್ಲ. ನಿಂತುಹೋದ ಗುಳಿಗೆ ಆಕೆಯ ಎದೆಯನ್ನು ಮತ್ತೆ ಹುಚ್ಚುಹುಚ್ಚಾಗಿ ಓಡಿಸುತ್ತಿದೆ. ಹೀಗೇ ಬಿಟ್ಟರೆ ಈ ಸಲ ಅಂಬುಲೆನ್ಸ್ ರೇವವ್ವನಿಗೆ ಬರಬೇಕಾಗುತ್ತದೆ ಎಂದು ಧಾರವಾಡದ ಡಾಕ್ಟರು ನಿನ್ನೆ ಫೋನಿನಲ್ಲಿ ಎಚ್ಚರಿಸಿದ್ದಾರೆ. ಬೆಳಿಗ್ಗೆಯೇ ಮತ್ತೆ ಶುರು ಮಾಡಿಸಿ, ತಡಮಾಡದೆ ಕರೆತನ್ನಿ ಎಂದೂ ಹೇಳಿದ್ದಾರೆ.

ಅದಕ್ಕೇ ಮೈಮುನಬಿ ಇಂದು ಒಬ್ಬಳೇ ಬಂದಿಲ್ಲ, ದುಂಡವ್ವನಿಗೂ ಬರಲು ಹೇಳಿದ್ದಾಳೆ. ಮಂಜಿನಲ್ಲಿ ಕೋಲೂರುತ್ತಾ ಆಕೆ ಬರುತ್ತಾಳೆ. ಕಟ್ಟೆಯ ಮೇಲೆ ತನ್ನ ಹಳೆಯ ಜಾಗದಲ್ಲೇ ಕೂಡುತ್ತಾಳೆ.

‘ನೀ ಕೊಟ್ಟಿದ್ದಕ್ಕ ನಾ ಬಿದ್ದೆ, ಖರೇ’ ಅನ್ನುತ್ತಾಳೆ ದುಂಡವ್ವ. ‘ನೀ ನುಂಗದ ಬಿದ್ರ ನಾ ಯಾರ ಕೂಡ ಎಲಿ ಹಾಕ್ಕೊಳ್ಳಲೇ?’

ರೇವವ್ವ ಏಳುತ್ತಾಳೆ. ಒಳಗೆ ಹೋಗಿ ಗೂಟದ ಸಂಚಿ ಇಳಿಸಿ ತರುತ್ತಾಳೆ. ಖಾನೆ ಬಿಚ್ಚಿ, ಗುಳಿಗೆಯನ್ನು ಅಂಗೈಗೆ ಹಾಕಿಕೊಳ್ಳುತ್ತಾಳೆ. ಆಗ, ಜೀವಮಾನದ ರೂಢಿ ನೋಡಿ, ಆ ಅಂಗೈ ತಾನಾಗಿಯೇ ದುಂಡವ್ವನ ಕಡೆ ಚಾಚುತ್ತದೆ. ದುಂಡವ್ವ ಆ ಕೈಯನ್ನು ಮೆಲ್ಲಗೆ ಮಡಚಿ ರೇವವ್ವನ ಬಾಯಿಯ ಕಡೆಗೇ ತಿರುಗಿಸುತ್ತಾಳೆ. ರೇವವ್ವ ನುಂಗಿ, ನೀರು ಕುಡಿಯುತ್ತಾಳೆ.

‘ಒಬ್ಬಾಕೀನ ತಿಂದ್ನೆಲೇ ದುಂಡಿ’ ಎಂದು ಅತ್ತುಬಿಡುತ್ತಾಳೆ.

‘ತಿನ್ನು. ಇದೊಂದ ಒಬ್ಬಾಕೀನ ತಿನ್ನು’ ಎಂದು ದುಂಡವ್ವ ಎಲೆಗೆ ಸುಣ್ಣ ಹಚ್ಚಿ ಅರ್ಧ ಹರಿದು ಕೊಡುತ್ತಾಳೆ.

ಮೈಮುನಬಿ ಧಾರವಾಡಕ್ಕೆ ಹೋಗಲು ಗಾಡಿ ಗೊತ್ತುಮಾಡಿ, ಅದು ಬರುವಷ್ಟರಲ್ಲಿ ಪಕ್ಕದ ಬಾಣಂತಿಯ ಮನೆಗೆ ಹೊರಡುತ್ತಾಳೆ. ರಾತ್ರಿ ಮಲಗಿದಾಗ ಇವರೆಲ್ಲರ ನಾಡಿ ತನ್ನ ಬೆರಳ ತುದಿಯಲ್ಲಿ ಬಡಿಯುತ್ತಲೇ ಇರುತ್ತದೆಯಂತೆ. ಎಲ್ಲವೂ ಒಂದೇ ತಾಳಕ್ಕೆ ಬಂದರೆ ಸಾಕಂತೆ, ನಿದ್ದೆ ಹತ್ತುತ್ತದಂತೆ. ಕಟ್ಟೆ ಇಳಿಯುವಾಗ ಸೆರಗು ಸರಿಮಾಡಿಕೊಂಡು, ತುಸು ನಾಚಿ ಹೇಳುತ್ತಾಳೆ:

‘ಹಂಚಿ ತಿನ್ನು ಅಂತ ಕಲಿಸೋ ಊರಾಗ, ಒಬ್ಬರೇ ತಿನ್ರಿ ಅಂತ ಕಲಿಸಾಕಿ ನಾ ಒಬ್ಬಾಕೀನ ನೋಡ್ರಿ.’