ಎರಡು ಮಗ್ಗದ ಪಾಲು

ಗೆಳೆಯರೇ, ಪ್ರೀತಿಯಲ್ಲಿ ನಿನ್ನದು ನನ್ನದು ಇರುವುದಿಲ್ಲ ಎಂಬರ್ಥದ ಕವಿತೆಯ ಮಾತೊಂದು ಅರ್ಧಂಬರ್ಧ ನೆನಪಿದೆ. ಬರೆದವರು ಎಂದಾದರೂ ಜೋಡಿಯಾಗಿ ಸಾಲ ಮಾಡಿದ್ದರೇ?

ಮದುವೆಯಾಗದೆ ಹತ್ತು ವರ್ಷ ಜೊತೆಗಿದ್ದ ಮಹಾದೇವ ಮತ್ತು ನಾನು ಬೇರೆಯಾಗಿದ್ದೇವೆ. ಇಂದು ಬನಹಟ್ಟಿಯ ಮನೆಯಲ್ಲಿ ಪಾಲಿಗೆ ಕೂತೆವು. ಇರುವುದು ಎರಡು ಪವರ್‌ಲೂಮ್ ಮಗ್ಗ, ಇಬ್ಬರ ಹೆಸರಲ್ಲೂ ಬ್ಯಾಂಕಿನ ಸಾಲ.

"ಸಾಲ ಅರ್ಧರ್ಧ. ಮಗ್ಗ ಎರಡೂ ನನಗ," ಎಂದ. "ತಾಳಿ ಕಟ್ಟಿಲ್ಲ, ನಿನಗೆಲ್ಲೀ ಪಾಲು?"

"ಸಹಿ ಹಾಕಿಸ್ಕೊಳ್ಳುವಾಗ ಬ್ಯಾಂಕಿನವ್ರು ತಾಳಿ ಕೇಳಿದ್ರೇನು? ಅರ್ಧ ಸಾಲ ನಂದಂದ್ರ ಒಂದು ಮಗ್ಗಾನೂ ನಂದ."

ಎರಡೂ ಮಗ್ಗದ ಕಡೆ ನೋಡಿ, "ಬಾಗಿಲ ಕಡೀದು ನನಗಿರಲಿ," ಎಂದು ಒಪ್ಪಿದ.

ಅವನು ಹೋದಮೇಲೆ ಪಕ್ಕದ ಮನೆಯ ಗಂಗವ್ವ ಬಾಗಿಲಿಗೆ ಬಂದಳು. ಬುದ್ಧಿ ಹೇಳಲು ಬಂದಳೆಂದುಕೊಂಡೆ. ಮೆಲ್ಲಗೆ ಕೇಳಿದಳು: "ಅಕ್ಕಾರ, ನನ್ನ ಕೊಳ್ಳಾಗ ತಾಳಿ ಐತ್ರಿ. ನಮ್ಮನಿ ಮಗ್ಗದ ಕಾಗದದಾಗ ನನ್ನ ಹೆಸರು ಹೆಂಗ ಹಾಕಸೂದ್ರಿ?"