ಮಾಸ್ತಿಕಲ್ಲಿನ ಕೈ

ಇಂಥ ಅನುಭವ ಬರೆದು ತಂದವರ ಹಾಳೆಗಳನ್ನು ನಾನೇ ಎಷ್ಟೋ ಸಲ ಪಕ್ಕಕ್ಕೆ ಸರಿಸಿದ್ದೇನೆ. ಇಬ್ಬರು ಖಚಿತಪಡಿಸದ ಸುದ್ದಿಯನ್ನು ಅಚ್ಚಿಗೆ ಕೊಡಬಾರದೆಂದು ಕಲಿತವನು ನಾನು. ಆದ್ದರಿಂದ ಇದನ್ನು ನಂಬಿ ಎಂದು ನಿಮ್ಮನ್ನು ಕೇಳುವುದಿಲ್ಲ.

ಕೆಲವು ವರ್ಷಗಳ ಹಿಂದೆ ಗಂಗಾವತಿ ಕಡೆಯ ಒಂದು ಸಣ್ಣ ವಸ್ತುಸಂಗ್ರಹಾಲಯದ ಬಗ್ಗೆ ಬರೆಯಲು ಹೋಗಿದ್ದೆ. ಇದ್ದದ್ದು ಎರಡೇ ಕೋಣೆ. ತುಕ್ಕು ಹಿಡಿದ ಕತ್ತಿಗಳು, ನಿಜಾಮರ ಕಾಲದ ತೂಕದ ಕಲ್ಲುಗಳು, ನಾಲ್ಕಾರು ವೀರಗಲ್ಲು. ಕಿಟಕಿಯ ತುಂಬ ಪಾರಿವಾಳದ ಹಿಕ್ಕೆ, ಗೋಡೆಯ ಮೇಲೆ ಗುಟ್ಕಾ ಉಗುಳು. ಅದಕ್ಕಿಂತ ಹೇಸಿಗೆ ಹುಟ್ಟಿಸಿದ್ದು ಒಂದು ಮಾಸ್ತಿಕಲ್ಲಿನ ಮುಂದಿದ್ದ ಫಲಕ. ಗಂಡನ ಚಿತೆಯಲ್ಲಿ ಬೆಂದುಹೋದ ಹೆಣ್ಣಿನ ನೆನಪಿಗೆ ನಿಲ್ಲಿಸಿದ ಕಲ್ಲು ಅದು. ಬಳೆ ತೊಟ್ಟ ಒಂದು ಕೈ ಮೇಲೆತ್ತಿದೆ. ‘ಸಂತೋಷದಿಂದ ಅಗ್ನಿಪ್ರವೇಶ ಮಾಡಿದ ಸಾಧ್ವಿ’ ಎಂದು ಬರೆದಿತ್ತು. ಆ ಸಂತೋಷವನ್ನು ಕಣ್ಣಾರೆ ಕಂಡವರು ಯಾರೋ.

ಅದೇ ಮಧ್ಯಾಹ್ನ ಹುಲಿಹೈದರ ಎಂಬ ಊರಿನ ಕಡೆಯ ಮುದುಕಿಯೊಬ್ಬಳು ಎಲೆಯಲ್ಲಿ ಬೆಣ್ಣೆ ಹಿಡಿದು ಬಂದು ಕಾವಲುಗಾರನ ಜೊತೆ ಜಗಳಕ್ಕೆ ನಿಂತಿದ್ದಳು. ಆ ಕಲ್ಲು ಅವರ ಹೊಲದಿಂದ ತಂದದ್ದು. ಮನೆಯಲ್ಲಿ ಹೆಣ್ಣುಮಗಳ ಮದುವೆ ಎಂದರೆ ಮೊದಲು ಆ ಕೈಗೆ ಬೆಣ್ಣೆ ಸವರಿ ತಂಪು ಮಾಡುವುದು ರೂಢಿ. ಮೊಮ್ಮಗಳ ಮದುವೆ ಮರುದಿನವೇ ಇತ್ತು. ಬೆಣ್ಣೆ ಹಚ್ಚದೆ ಹಸೆಮಣೆ ಏರುವುದಿಲ್ಲ ಎಂದು ಹುಡುಗಿ ಹಟ ಹಿಡಿದು ಕೂತಿದ್ದಳು.

“ಬೆಣ್ಣಿ ಹಚ್ಚಿದ್ರ ಇರುವಿ ಮುತ್ತತಾವ ಬೇ. ಸಾಹೇಬ್ರು ನನ್ನ ನೌಕರಿ ತಿಂತಾರ” ಎಂದ ಕಾವಲುಗಾರ.

“ನಿನ್ನ ಗುಟ್ಕಾಕ್ಕ ಮುತ್ತದ ಇರುವಿ ನನ್ನ ಬೆಣ್ಣಿಗೆ ಮುತ್ತತಾವೇನಲೇ?”

ನಾನು ನಡುವೆ ಬಾಯಿ ಹಾಕಿದೆ. “ಕಲ್ಲು ತಣ್ಣಗ ಐತಿ ನೋಡ್ರಿ ಯಮ್ಮಾ” ಎಂದು ಆ ಕೈಯ ಮೇಲೆ ಅಂಗೈ ಊರಿ ತೋರಿಸಿದೆ. ಪತ್ರಿಕೆಯವನೆಂದು ಕಾವಲುಗಾರ ನನ್ನನ್ನು ತಡೆಯಲಿಲ್ಲ. ಕಲ್ಲು ತಣ್ಣಗೇ ಇತ್ತು. ಆದರೆ ತೆಗೆದಾಗ ಅಂಗೈಯೆಲ್ಲ ಜಿಡ್ಡು. ಕೂದಲು, ಕೊಬ್ಬು ಸುಟ್ಟ ವಾಸನೆ. ಹೊರಗಿನ ನಲ್ಲಿಗೆ ಓಡಿ ಸೋಪು ಹಚ್ಚಿ ಮೂರು ಸಲ ತೊಳೆದೆ. ಹೋಗಲಿಲ್ಲ. ಅಲ್ಲೇ ವಾಂತಿಯಾಯಿತು. ಹಿಂದೆಯೇ ಬಂದ ಕಾವಲುಗಾರ ನನ್ನ ಕೈ ಮೂಸಿ, “ಸೋಪಿನ ವಾಸನಿ ಅಷ್ಟ ಐತ್ರಿ ಸರ್” ಎಂದ. ಮುದುಕಿ ಬಾಗಿಲಲ್ಲಿ ನಿಂತೇ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

“ಆಕಿ ಖುಷೀಲೆ ಹೋಗಿಲ್ಲಪ್ಪಾ. ನಮ್ಮ ಮನಿಯವ್ರ ದೂಡ್ಯಾರ. ಅದಕ್ಕ ನಾವು ಹಚ್ಚೂದು” ಎಂದವಳು ಹತ್ತಿರ ಬಂದು, ಬೆಣ್ಣೆಯನ್ನೆಲ್ಲ ನನ್ನ ಅಂಗೈಗೆ ಮೆತ್ತಿ ಉಜ್ಜತೊಡಗಿದಳು. ವಾಸನೆ ಹೋಯಿತು. “ಆತು, ತಂಪಾತು” ಎಂದು ಕೈ ಒರೆಸಿಕೊಂಡು ಬಸ್ಸಿಗೆ ಹೊರಟುಬಿಟ್ಟಳು. ಮದುವೆ ಸಾಂಗವಾಗಿ ನಡೆಯಿತೆಂದು ಆಮೇಲೆ ಅವಳ ಮಗನ ನಂಬರ್ ಹುಡುಕಿ ಫೋನ್ ಮಾಡಿ ತಿಳಿದುಕೊಂಡೆ.

ಸುತ್ತಮುತ್ತ ಏನನ್ನೂ ಸುಟ್ಟಿರಲಿಲ್ಲ, ಕಲ್ಲಿಗೆ ಏನನ್ನೂ ಬಳಿದಿರಲಿಲ್ಲ, ವಿಚಾರಿಸಿದ್ದೇನೆ. ನಾನು ಕಾರಿಕೊಂಡದ್ದನ್ನು ನೋಡಿಯೇ ಮುದುಕಿ ಮೂಗು ಮುಚ್ಚಿರಬಹುದು. ಆದರೆ ಆ ನಾತ ನನ್ನ ಕೈಗೆ ಎಲ್ಲಿಂದ ಬಂತೆಂದು ಇಂದಿಗೂ ಗೊತ್ತಿಲ್ಲ.

ಹೋದ ವಾರ ಮುದುಕಿಯ ಆ ಮಗ ಫೋನ್ ಮಾಡಿದ್ದ. ಕಿರಿಯ ಮಗಳಿಗೂ ವರ ಗೊತ್ತಾಗಿದೆಯಂತೆ, ಕಲ್ಲು ಮುಟ್ಟಲು ಈಗಲೂ ಬಿಡುತ್ತಿಲ್ಲವಂತೆ. “ಬೆಣ್ಣಿ ತರ್ತೀವಿ. ನೀವು ಕೈ ಒಂದು ಕೊಡ್ರಿ ಸರ್” ಎಂದ.

ಬರುತ್ತೇನೆ ಎಂದಿದ್ದೇನೆ.